ನೀರಿನಾಳದ ವಿಡಿಯೊ: ಕ್ಯಾಮೆರಾ ಮತ್ತು ಹೌಸಿಂಗ್ ಆರಿಸುವ ಕ್ರಮ

ಸ್ಕೂಬಾ ಡೈವಿಂಗ್ ಕಲಿತವರಲ್ಲಿ ಹಲವರಿಗೆ ಕೆಲವೇ ಡೈವ್‌ಗಳ ನಂತರ ತಾವು ಕಂಡದ್ದನ್ನು ಚಿತ್ರೀಕರಿಸಿ ಮನೆಯವರಿಗೆ ತೋರಿಸಬೇಕೆಂಬ ಆಸೆ ಹುಟ್ಟುತ್ತದೆ. ಆಗ ಮೊದಲು ಕ್ಯಾಮೆರಾ ನೋಡಿ, 4ಕೆ, 5ಕೆ ಎಂಬ ಅಂಕಿಗಳನ್ನು ಹೋಲಿಸಿ, ಹಣ ಕೊಟ್ಟ ಮೇಲೆ ಅದಕ್ಕೆ ಹೊಂದುವ ಹೌಸಿಂಗ್ (ನೀರು ತಾಗದಂತೆ ಕ್ಯಾಮೆರಾವನ್ನು ಮುಚ್ಚುವ ಗಟ್ಟಿ ಕವಚ) ಹುಡುಕುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡುವುದು ಒಳ್ಳೆಯದು. ಮೊದಲು ನೀವು ಮುಳುಗುವ ನೀರಿನ ಸ್ವಭಾವ, ಅನಂತರ ಹೌಸಿಂಗ್, ಅನಂತರ ಬೆಳಕು, ಎಲ್ಲಕ್ಕೂ ಕೊನೆಯಲ್ಲಿ ಕ್ಯಾಮೆರಾ ಎಂಬ ಕ್ರಮದಲ್ಲಿ ಯೋಚಿಸಿದರೆ ಕಡಿಮೆ ಹಣದಲ್ಲಿಯೂ ನೋಡಲು ಯೋಗ್ಯವಾದ ವಿಡಿಯೊ ಸಿಗುತ್ತದೆ, ಕೊಂಡ ವಸ್ತು ಒಂದೇ ಪ್ರವಾಸಕ್ಕೆ ಮೂಲೆ ಸೇರುವುದೂ ತಪ್ಪುತ್ತದೆ.

ಹಂತ 1: ಎಷ್ಟು ಆಳ, ಎಂಥ ನೀರು, ಏನನ್ನು ತೆಗೆಯಬೇಕು

ಆಳದ ಮಿತಿಯನ್ನು ನಿರ್ಧರಿಸುವುದು ನಿಮ್ಮ ತರಬೇತಿ. ಡೈವಿಂಗ್ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಪಾಡಿ ಸಂಸ್ಥೆಯ ಪದ್ಧತಿಯಲ್ಲಿ, ಪ್ರಮಾಣಪತ್ರವಿಲ್ಲದೆ ಇನ್‌ಸ್ಟ್ರಕ್ಟರ್ ಜೊತೆ ಮಾಡುವ ಪರಿಚಯಾತ್ಮಕ ಡೈವ್‌ಗೆ 12 ಮೀಟರ್, ಮೊದಲ ಹಂತದ ಪ್ರಮಾಣಪತ್ರ ಪಡೆದ ಓಪನ್ ವಾಟರ್ ಡೈವರ್‌ಗೆ 18 ಮೀಟರ್, ಅಡ್ವಾನ್ಸ್ಡ್ ಹಂತದವರಿಗೆ 30 ಮೀಟರ್, ಮನರಂಜನಾ ಡೈವಿಂಗ್‌ಗೆ ಒಟ್ಟಾರೆ 40 ಮೀಟರ್ ಮಿತಿ ಇದೆ. ಓಪನ್ ವಾಟರ್ ಡೈವರ್ ಆಗಿರುವವರು 100 ಮೀಟರ್ ಆಳ ತಾಳುವ ಹೌಸಿಂಗ್‌ಗೆಂದೇ ಹೆಚ್ಚಿನ ಹಣ ಸುರಿಯುವ ಅಗತ್ಯವಿಲ್ಲ. ಆದರೆ ಮಿತಿಗೆ ಅಂಟಿಕೊಂಡಂತೆಯೂ ಕೊಳ್ಳಬಾರದು; ನೀವು ಹೋಗುವ ಗರಿಷ್ಠ ಆಳಕ್ಕಿಂತ ಕನಿಷ್ಠ 10 ಮೀಟರ್ ಹೆಚ್ಚಿನ ಸಾಮರ್ಥ್ಯ ಇರಲಿ.

ಪರಿಚಯಾತ್ಮಕ ಡೈವ್‌ಗೆ ಹೋಗುವವರು ಕ್ಯಾಮೆರಾ ಒಯ್ಯದಿರುವುದೇ ಉತ್ತಮ. ಮೊದಲ ಬಾರಿ ನೀರಿನಡಿಯಲ್ಲಿ ಉಸಿರಾಡುವಾಗ ಕೈ ಮತ್ತು ಗಮನ ಎರಡೂ ಬಿಡುವಾಗಿರಬೇಕು. ಅಂಥ ಡೈವ್‌ಗಳಲ್ಲಿ ವಿಡಿಯೊ ತೆಗೆದುಕೊಡುವ ವ್ಯವಸ್ಥೆ ಅನೇಕ ಡೈವ್ ಕೇಂದ್ರಗಳಲ್ಲಿ ಇರುತ್ತದೆ. ಪ್ರಮಾಣಪತ್ರ ಪಡೆದವರು ಕೂಡ ಕೈ ಆಡಿಸದೆ, ತಳ ಮುಟ್ಟದೆ, ಒಂದೇ ಮಟ್ಟದಲ್ಲಿ ತೇಲಿ ನಿಲ್ಲಲು ಕಲಿತ ನಂತರವೇ ಕ್ಯಾಮೆರಾ ಹಿಡಿಯಬೇಕು. ಈ ನಿಯಂತ್ರಣ ಇಲ್ಲದವರ ವಿಡಿಯೊ ಎಷ್ಟು ಬೆಲೆಯ ಕ್ಯಾಮೆರಾದಲ್ಲಿ ತೆಗೆದರೂ ಅಲುಗಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರು ಕಾಲಿಗೆ ತೊಟ್ಟ ಫಿನ್‌ಗಳು ಹವಳಗಳಿಗೆ ತಗುಲುತ್ತವೆ.

ಇನ್ನು ನೀರಿನ ಮಾತು. ಕರ್ನಾಟಕದವರಿಗೆ ಹತ್ತಿರದ ಡೈವಿಂಗ್ ತಾಣ ಉತ್ತರ ಕನ್ನಡದ ನೇತ್ರಾಣಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರ. ಅಲ್ಲಿಯ ನೀರು ಒಂದು ದಿನ ತಿಳಿಯಾಗಿದ್ದರೆ ಇನ್ನೊಂದು ದಿನ ಪ್ಲವಕಗಳೆಂಬ ತೇಲುವ ಸೂಕ್ಷ್ಮಜೀವಿಗಳಿಂದ ತುಂಬಿ ಹಸಿರಾಗಿ, ಮಬ್ಬಾಗಿ ಇರಬಹುದು. ಅಂಡಮಾನಿನ ಸ್ವರಾಜ್ ದ್ವೀಪದ ಸುತ್ತ ಅಥವಾ ಲಕ್ಷದ್ವೀಪದ ಹವಳದಿಬ್ಬಗಳಲ್ಲಿ ತಿಳಿನೀಲಿ ನೀರು ಸಿಗುವ ಸಾಧ್ಯತೆ ಹೆಚ್ಚು. ಈ ವ್ಯತ್ಯಾಸ ಸಲಕರಣೆಯ ಆಯ್ಕೆಯನ್ನೇ ಬದಲಿಸುತ್ತದೆ. ಮಬ್ಬು ನೀರಿನಲ್ಲಿ ದೂರದ ದೃಶ್ಯ ಸಿಗುವುದೇ ಇಲ್ಲವಾದ್ದರಿಂದ ವಸ್ತುವಿಗೆ ತೀರ ಹತ್ತಿರ ಹೋಗಿಯೂ ಅದನ್ನು ಇಡಿಯಾಗಿ ಹಿಡಿಯಬಲ್ಲ ಅಗಲ ಕೋನದ ಲೆನ್ಸ್ ಬೇಕು, ಇಲ್ಲವೇ ಬಂಡೆಯ ಸಂದಿಯಲ್ಲಿರುವ ಸಣ್ಣ ಜೀವಿಗಳಿಗೆ ಹೊಂದುವ ಮ್ಯಾಕ್ರೋ ವ್ಯವಸ್ಥೆ ಬೇಕು. ಝೂಮ್ ಮಾಡಿ ದೂರದ ಮೀನನ್ನು ಹತ್ತಿರ ತರುವ ಪ್ರಯತ್ನ ನೀರಿನಲ್ಲಿ ಫಲ ಕೊಡುವುದಿಲ್ಲ. ಮೀನಿಗೂ ಲೆನ್ಸಿಗೂ ನಡುವೆ ಇರುವ ಅಷ್ಟೂ ಮಬ್ಬು ಜೊತೆಗೇ ಹಿಗ್ಗುತ್ತದೆ.

ಹೀಗಾಗಿ ಕೊಳ್ಳುವ ಮೊದಲು ಎರಡು ಮೂರು ವಾಕ್ಯಗಳಲ್ಲಿ ನಿಮ್ಮ ಉದ್ದೇಶವನ್ನು ಬರೆದುಕೊಳ್ಳಿ. ಉದಾಹರಣೆಗೆ, ‘ವರ್ಷಕ್ಕೊಮ್ಮೆ ನೇತ್ರಾಣಿ, 18 ಮೀಟರ್ ಒಳಗೆ, ಮೀನಿನ ಗುಂಪು ಮತ್ತು ಜೊತೆಯವರ ವಿಡಿಯೊ’ ಎಂದು ಬರೆದವರಿಗೂ ‘ಅಂಡಮಾನಿನಲ್ಲಿ 30 ಮೀಟರ್ ತನಕ, ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಮತ್ತು ಸೀಗಡಿಗಳ ಹತ್ತಿರದ ದೃಶ್ಯ’ ಎಂದು ಬರೆದವರಿಗೂ ಬೇಕಾದ ಸಲಕರಣೆ ಬೇರೆ ಬೇರೆ.

ಹಂತ 2: ಹೌಸಿಂಗ್ ಆರಿಸುವುದು

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸರಿಸುಮಾರು ಒಂದು ವಾತಾವರಣದಷ್ಟು ಏರುತ್ತದೆ. 30 ಮೀಟರ್ ಆಳದಲ್ಲಿ ನೀರಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 3 ಕಿಲೋ. ಲೆನ್ಸಿನ ಮುಂದಿರುವ ಗಾಜಿನ ವ್ಯಾಸ 10 ಸೆಂಟಿಮೀಟರ್ ಇದ್ದರೆ ಅದರ ಮೇಲೆ ಬೀಳುವ ಒಟ್ಟು ಭಾರ ಸುಮಾರು 240 ಕಿಲೋ ಆಗುತ್ತದೆ. ಆಟಿಕೆಯಂಥ ಪ್ಲಾಸ್ಟಿಕ್ ಕೇಸ್‌ಗಳನ್ನೂ ಫೋನಿಗೆ ಹಾಕುವ ಪಾರದರ್ಶಕ ಚೀಲಗಳನ್ನೂ ಡೈವಿಂಗ್‌ಗೆ ಒಯ್ಯಬಾರದು ಎನ್ನುವುದಕ್ಕೆ ಈ ಲೆಕ್ಕ ಸಾಕು.

ಹೌಸಿಂಗ್ ಇಲ್ಲದೆಯೇ ನೀರಿಗಿಳಿಸಬಹುದು ಎಂದು ಹೇಳುವ ಕ್ಯಾಮೆರಾಗಳ ಮಿತಿಯನ್ನು ಗಮನವಿಟ್ಟು ಓದಬೇಕು. ಗೋಪ್ರೋ ಹೀರೋ 13 ಬ್ಲ್ಯಾಕ್ ಬರಿಯಾಗಿ 10 ಮೀಟರ್ ತನಕ, ಡಿಜೆಐ ಆಸ್ಮೋ ಆ್ಯಕ್ಷನ್ 5 ಪ್ರೋ 20 ಮೀಟರ್ ತನಕ, ಓಎಂ ಸಿಸ್ಟಮ್ ಟಿಜಿ-7 15 ಮೀಟರ್ ತನಕ ತಾಳುತ್ತವೆ ಎಂದು ತಯಾರಕರು ಹೇಳುತ್ತಾರೆ. 12 ಮೀಟರಿನ ಪರಿಚಯಾತ್ಮಕ ಡೈವ್ ಕೂಡ ಬರಿಯ ಗೋಪ್ರೋದ ಮಿತಿಯನ್ನು ಮೀರುತ್ತದೆ ಎಂಬುದು ಇದರಿಂದ ಸ್ಪಷ್ಟ. ಅಲ್ಲದೆ ಆ ಅಂಕಿ ಹೊಸದಾದ, ಬ್ಯಾಟರಿ ಬಾಗಿಲು ಸರಿಯಾಗಿ ಮುಚ್ಚಿದ, ಸೀಲ್ ಸವೆಯದ ಕ್ಯಾಮೆರಾಕ್ಕೆ ಅನ್ವಯಿಸುವಂಥದ್ದು. ಬಾಗಿಲಿನ ಸಣ್ಣ ರಬ್ಬರ್ ಪಟ್ಟಿಯಲ್ಲಿ ಒಂದು ಮರಳಿನ ಕಣ ಕುಳಿತರೂ ಖಾತರಿ ಹೋದಂತೆ. ಆದ್ದರಿಂದ ಸ್ಕೂಬಾಕ್ಕೆ ಒಯ್ಯುವ ಯಾವ ಕ್ಯಾಮೆರಾಕ್ಕೂ ಹೌಸಿಂಗ್ ಹಾಕುವುದೇ ಸರಿ. ಗೋಪ್ರೋ ಮತ್ತು ಡಿಜೆಐ ಎರಡರ ಡೈವ್ ಕೇಸ್‌ಗಳೂ 60 ಮೀಟರ್ ತಾಳುತ್ತವೆ; ಟಿಜಿ-7ಕ್ಕೆ ಬರುವ ಪಿಟಿ-059 ಹೌಸಿಂಗ್ 45 ಮೀಟರ್ ತಾಳುತ್ತದೆ. ಹೌಸಿಂಗ್ ಹಾಕಿದರೆ ಎರಡು ಸೀಲ್‌ಗಳ ರಕ್ಷಣೆ ಸಿಗುತ್ತದೆ: ಹೊರಗಿನದು ಸೋರಿದರೂ ಒಳಗಿನ ಕ್ಯಾಮೆರಾ ಜಲನಿರೋಧಕವಾಗಿರುವುದರಿಂದ ಬಹುಮಟ್ಟಿಗೆ ಉಳಿಯುತ್ತದೆ. ಹೊಸಬರಿಗೆ ಆ್ಯಕ್ಷನ್ ಕ್ಯಾಮೆರಾ (ಗೋಪ್ರೋ, ಆಸ್ಮೋದಂಥ ಪುಟ್ಟ ಕ್ಯಾಮೆರಾ) ಅಥವಾ ಟಿಜಿ ಸರಣಿಯನ್ನು ನಾನು ಸೂಚಿಸಲು ಇದು ದೊಡ್ಡ ಕಾರಣ.

ಮೊಬೈಲ್ ಫೋನನ್ನೇ ಬಳಸುವ ಆಸೆ ಇರುವವರಿಗೆ ಒಂದು ಮಾತು. ಫೋನಿನ ಮೇಲಿರುವ ಐಪಿ68 ಎಂಬ ಗುರುತು ಕೆಲವು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆಯ ಪರೀಕ್ಷೆಯನ್ನು ಸೂಚಿಸುವಂಥದ್ದು. ಉಪ್ಪುನೀರಿನ ಡೈವಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಫೋನಿಗೆಂದೇ ತಯಾರಾದ ಗಟ್ಟಿ ಹೌಸಿಂಗ್‌ಗಳಿವೆ, ಸೀಲೈಫ್ ಸಂಸ್ಥೆಯ ಸ್ಪೋರ್ಟ್‌ಡೈವರ್ 40 ಮೀಟರ್ ತಾಳುತ್ತದೆ. ಆದರೂ ಬ್ಯಾಂಕು, ಟಿಕೆಟ್ಟು, ಮನೆಯವರ ಸಂಪರ್ಕ ಎಲ್ಲವೂ ಇರುವ ಫೋನನ್ನು ಸಮುದ್ರದಡಿಗೆ ಒಯ್ಯುವುದು ನನಗೆ ಒಪ್ಪಿಗೆಯಾಗದ ಆಯ್ಕೆ. ಹಳೆಯ ಫೋನ್ ಇದ್ದರೆ ಅದನ್ನು ಬಳಸಬಹುದು.

ಹೌಸಿಂಗ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು ಹಗುರ, ಅಗ್ಗ, ಒಳಗೆ ನೀರು ಬಂದರೆ ಹೊರಗಿನಿಂದಲೇ ಕಾಣುತ್ತದೆ. ಅಮೆರಿಕದ ಐಕಲೈಟ್ ದೊಡ್ಡ ಕ್ಯಾಮೆರಾಗಳಿಗೂ ಇಂಥವನ್ನು ತಯಾರಿಸುತ್ತದೆ. ಅಲ್ಯೂಮಿನಿಯಂ ಕಡೆದು ಮಾಡುವ ನಾಟಿಕ್ಯಾಮ್, ಅಕ್ವಾಟಿಕಾ, ಇಸೋಟಾ ಮುಂತಾದವುಗಳ ಹೌಸಿಂಗ್‌ಗಳು ಬಹಳ ಗಟ್ಟಿ, ಅವುಗಳ ಬಟನ್ನು ತಿರುಗಣೆಗಳು ಬೆರಳಿಗೆ ಸರಿಯಾಗಿ ಸಿಗುತ್ತವೆ. ಆದರೆ ಬೆಲೆ ಕ್ಯಾಮೆರಾದ ಬೆಲೆಯನ್ನೇ ಮೀರುವುದುಂಟು. ವಿದೇಶದಿಂದ ತರಿಸಿದರೆ ಸಾಗಣೆ ವೆಚ್ಚ ಮತ್ತು ಆಮದು ಸುಂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಹೆಚ್ಚಿನವರು ಮರೆಯುವ ಸಂಗತಿಯೆಂದರೆ, ಹೌಸಿಂಗ್ ಸಾಮಾನ್ಯವಾಗಿ ಒಂದೇ ಮಾದರಿಯ ಕ್ಯಾಮೆರಾಕ್ಕೆ ಹೊಂದುತ್ತದೆ. ಕ್ಯಾಮೆರಾ ಕೆಟ್ಟು ಆ ಮಾದರಿ ಮಾರುಕಟ್ಟೆಯಲ್ಲಿ ಇಲ್ಲವಾದರೆ ಸಾವಿರಾರು ರೂಪಾಯಿಯ ಹೌಸಿಂಗ್ ನಿಷ್ಪ್ರಯೋಜಕ. ಆದ್ದರಿಂದಲೇ ಒಂದಕ್ಕಿಂತ ಹೆಚ್ಚು ಪೀಳಿಗೆಯ ಕ್ಯಾಮೆರಾಗಳಿಗೆ ಹೊಂದುವ ಹೌಸಿಂಗ್‌ಗೆ ನನ್ನ ಮೊದಲ ಆದ್ಯತೆ. ಟಿಜಿ-6ಕ್ಕೆ ತಯಾರಾದ ಪಿಟಿ-059, 2023ರಲ್ಲಿ ಬಂದ ಟಿಜಿ-7ಕ್ಕೂ ಹೊಂದುತ್ತದೆ. ಹೊಸ ಮಾದರಿಯ ಕ್ಯಾಮೆರಾ ಬಿಡುಗಡೆಯಾದ ಕೂಡಲೇ ಕೊಂಡವರು ಅದರ ಹೌಸಿಂಗ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು ಎಂಬುದೂ ನೆನಪಿರಲಿ.

ಗಾಜಿನ ಆಕಾರ ಇನ್ನೊಂದು ಮುಖ್ಯ ಅಂಶ. ಲೆನ್ಸಿನ ಮುಂದಿನ ಗಾಜಿಗೆ ಪೋರ್ಟ್ ಎನ್ನುತ್ತಾರೆ. ಅದು ಚಪ್ಪಟೆಯಾಗಿರಬಹುದು ಅಥವಾ ಗುಮ್ಮಟದಂತೆ (ಡೋಮ್) ಉಬ್ಬಿರಬಹುದು. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33 ಆಗಿರುವುದರಿಂದ ಚಪ್ಪಟೆ ಪೋರ್ಟಿನ ಮೂಲಕ ವಸ್ತುಗಳು ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವೆ, ದೃಶ್ಯದ ಅಗಲ ಕುಗ್ಗುತ್ತದೆ. ಗಾಳಿಯಲ್ಲಿ 90 ಡಿಗ್ರಿ ನೋಡುವ ಲೆನ್ಸ್ ನೀರಿನಲ್ಲಿ ಸುಮಾರು 64 ಡಿಗ್ರಿಗೆ ಇಳಿಯುತ್ತದೆ. ಸಣ್ಣ ಜೀವಿಗಳನ್ನು ತೆಗೆಯುವವರಿಗೆ ಈ ಹಿಗ್ಗುವಿಕೆ ಉಪಕಾರಿ, ಆದ್ದರಿಂದ ಮ್ಯಾಕ್ರೋಗೆ ಚಪ್ಪಟೆ ಪೋರ್ಟ್ ಸರಿ. ಹವಳದಿಬ್ಬ, ಮೀನಿನ ಗುಂಪು, ಜೊತೆಗಾರ ಡೈವರ್ ಇವನ್ನು ತೆಗೆಯುವವರಿಗೆ ಡೋಮ್ ಪೋರ್ಟ್ ಲೆನ್ಸಿನ ಮೂಲ ಅಗಲವನ್ನು ಉಳಿಸಿಕೊಡುತ್ತದೆ. ಆದರೆ ಡೋಮ್‌ನ ಮೂಲಕ ದೂರದ ವಸ್ತುವಿನ ಬಿಂಬವೂ ಪೋರ್ಟಿಗೆ ತೀರ ಹತ್ತಿರದಲ್ಲಿ ಮೂಡುವುದರಿಂದ, ಹತ್ತಿರಕ್ಕೆ ಫೋಕಸ್ ಮಾಡಲಾಗದ ಲೆನ್ಸ್ ಅಲ್ಲಿ ಕೆಲಸಕ್ಕೆ ಬಾರದು. ಆ್ಯಕ್ಷನ್ ಕ್ಯಾಮೆರಾಗಳಿಗೆ ಮಾರುವ ದೊಡ್ಡ ಪ್ಲಾಸ್ಟಿಕ್ ಡೋಮ್‌ಗಳು ನೀರಿನ ಮೇಲ್ಮೈಯಲ್ಲಿ ಅರ್ಧ ಆಕಾಶ, ಅರ್ಧ ಸಮುದ್ರದ ದೃಶ್ಯಕ್ಕಾಗಿ ಇರುವಂಥವು. ಅವುಗಳ ಆಳದ ಮಿತಿಯನ್ನು ನೋಡದೆ ಡೈವಿಂಗ್‌ಗೆ ಒಯ್ಯಬೇಡಿ.

ಹೌಸಿಂಗ್‌ನ ಮುಂಭಾಗದಲ್ಲಿ 67 ಮಿಲಿಮೀಟರ್ ತಿರುಪು ಇದೆಯೇ ಎಂದು ವಿಚಾರಿಸಿ. ನೀರಿನೊಳಗೇ ಹಾಕಿ ತೆಗೆಯಬಹುದಾದ ವೆಟ್ ಲೆನ್ಸ್‌ಗಳು ಹೆಚ್ಚಾಗಿ ಈ ಅಳತೆಯಲ್ಲಿ ಸಿಗುತ್ತವೆ. ಒಂದೇ ಡೈವ್‌ನಲ್ಲಿ ಅಗಲ ದೃಶ್ಯವನ್ನೂ ಮ್ಯಾಕ್ರೋವನ್ನೂ ತೆಗೆಯಲು ಇದರಿಂದ ಸಾಧ್ಯ. ವೆಟ್ ಲೆನ್ಸ್ ಹಾಕಿದಾಗ ಅದಕ್ಕೂ ಪೋರ್ಟಿಗೂ ನಡುವೆ ಗಾಳಿಗುಳ್ಳೆ ಉಳಿಯದಂತೆ ನೀರಿನಲ್ಲಿ ಒಮ್ಮೆ ಸಡಿಲಿಸಿ ಮತ್ತೆ ಬಿಗಿಯಬೇಕು.

ಬಟನ್‌ಗಳನ್ನು ಕೈಗವಸು ತೊಟ್ಟು ಒತ್ತಿ ನೋಡಿ. ಟಚ್‌ಸ್ಕ್ರೀನ್ ಹೌಸಿಂಗ್‌ನೊಳಗೆ ಕೆಲಸ ಮಾಡುವುದಿಲ್ಲವಾದ್ದರಿಂದ, ರೆಕಾರ್ಡಿಂಗ್ ಶುರು ಮಾಡುವುದು ಮಾತ್ರವಲ್ಲ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಬದಲಿಸುವುದೂ ಬಟನ್‌ಗಳಿಂದಲೇ ಆಗಬೇಕು. ಅಗ್ಗದ ಕೇಸ್‌ಗಳಲ್ಲಿ ಸ್ಪ್ರಿಂಗ್ ದುರ್ಬಲವಾಗಿದ್ದು, ಆಳದ ಒತ್ತಡಕ್ಕೆ ಬಟನ್ ಒಳಗೇ ಕೂತು ಮೇಲಕ್ಕೆ ಬರುವ ತನಕ ಬಿಡುವುದಿಲ್ಲ. ಮಧ್ಯಮ ಮತ್ತು ದುಬಾರಿ ಹೌಸಿಂಗ್‌ಗಳಿಗೆ ನಿರ್ವಾತ ಪರೀಕ್ಷೆಯ ವಾಲ್ವ್ ಹಾಕಿಸಬಹುದು: ಸಣ್ಣ ಪಂಪಿನಿಂದ ಒಳಗಿನ ಗಾಳಿಯನ್ನು ಸ್ವಲ್ಪ ಹೊರತೆಗೆದು, ಒತ್ತಡ ಹಾಗೆಯೇ ನಿಲ್ಲುತ್ತದೆಯೇ ಎಂದು ನೀರಿಗಿಳಿಯುವ ಮೊದಲೇ ತಿಳಿಯುವ ವ್ಯವಸ್ಥೆ ಇದು. ದೊಡ್ಡ ಕ್ಯಾಮೆರಾ ಒಯ್ಯುವವರು ಬೇರೆ ಯಾವುದರಲ್ಲಿ ಉಳಿತಾಯ ಮಾಡಿದರೂ ಇದರಲ್ಲಿ ಮಾಡಬಾರದು.

ಹಂತ 3: ಬಣ್ಣ ಮತ್ತು ಬೆಳಕು

ನೀರು ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಕೆಂಪು ಮೊದಲ 5 ಮೀಟರ್‌ಗಳಲ್ಲೇ ಬಹುಪಾಲು ಕಳೆದುಹೋಗುತ್ತದೆ, ಅನಂತರ ಕಿತ್ತಳೆ, ಮತ್ತೂ ಕೆಳಗೆ ಹಳದಿ. ಉಳಿಯುವುದು ನೀಲಿ ಮತ್ತು ಹಸಿರು. ಮೇಲಿನಿಂದ ಬರುವ ಸೂರ್ಯನ ಬೆಳಕು ನೀರಿನಲ್ಲಿ ಸಾಗಿದ ದೂರದ ಜೊತೆಗೆ ವಸ್ತುವಿನಿಂದ ಕ್ಯಾಮೆರಾದ ತನಕದ ದೂರವೂ ಲೆಕ್ಕಕ್ಕೆ ಬರುತ್ತದೆ. 10 ಮೀಟರ್ ಆಳದಲ್ಲಿ 3 ಮೀಟರ್ ದೂರದ ಮೀನನ್ನು ತೆಗೆದರೆ ಬೆಳಕು ಸಾಗಿದ್ದು 13 ಮೀಟರ್. ಹತ್ತಿರ ಹೋಗುವುದಕ್ಕಿಂತ ಒಳ್ಳೆಯ ಬಣ್ಣದ ಉಪಾಯ ಇನ್ನೊಂದಿಲ್ಲ.

ಬಣ್ಣವನ್ನು ಮರಳಿ ಪಡೆಯಲು ಮೂರು ದಾರಿಗಳಿವೆ. ಮೊದಲನೆಯದು, ಆಯಾ ಆಳದಲ್ಲಿ ಬಿಳಿ ಸ್ಲೇಟು ಅಥವಾ ಬೂದು ಬಣ್ಣದ ಕಾರ್ಡನ್ನು ಎದುರಿಗೆ ಹಿಡಿದು ಕೈಯಾರೆ ವೈಟ್ ಬ್ಯಾಲೆನ್ಸ್ ಹೊಂದಿಸುವುದು. ಸೂರ್ಯ ಬೆನ್ನಿಗಿರಲಿ, ಪ್ರತಿ 3 ರಿಂದ 5 ಮೀಟರಿಗೊಮ್ಮೆ ಮತ್ತೆ ಹೊಂದಿಸಿ. ಇದಕ್ಕೆ ಒಂದೇ ಬಟನ್ ಸಾಕಾಗುವಂಥ ಕ್ಯಾಮೆರಾ ಆರಿಸಿದರೆ ಅರ್ಧ ಗೆದ್ದಂತೆ. ಎರಡನೆಯದು ಫಿಲ್ಟರ್: ನೀಲಿ ನೀರಿಗೆ ಕೆಂಪು, ಹಸಿರು ನೀರಿಗೆ ಮಜೆಂಟಾ. ಸುಮಾರು 5 ರಿಂದ 20 ಮೀಟರ್ ತನಕ, ಬಿಸಿಲು ಚೆನ್ನಾಗಿರುವಾಗ ಇದು ಉಪಯುಕ್ತ. ಅಂಡಮಾನಿಗೆಂದು ಕೊಂಡ ಕೆಂಪು ಫಿಲ್ಟರನ್ನು ನೇತ್ರಾಣಿಯ ಹಸಿರು ನೀರಿನಲ್ಲಿ ಹಾಕಿದರೆ ದೃಶ್ಯ ಹಳದಿಗೆ ತಿರುಗಬಹುದು. ಫಿಲ್ಟರ್ ಬೆಳಕನ್ನೂ ಕಡಿಮೆ ಮಾಡುವುದರಿಂದ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಸಣ್ಣದಿರುವ ಕ್ಯಾಮೆರಾದಲ್ಲಿ ಮೋಡದ ದಿನ ಅದನ್ನು ತೆಗೆದುಬಿಡಿ.

ಮೂರನೆಯದು ಮತ್ತು ಉತ್ತಮವಾದದ್ದು ವಿಡಿಯೊ ಲೈಟ್. ಲೈಟ್ ಉರಿಸಿದಾಗ ಫಿಲ್ಟರ್ ಇರಬಾರದು. ಎರಡೂ ಸೇರಿದರೆ ಎಲ್ಲವೂ ಕೆಂಪಾಗುತ್ತದೆ. ಸಾಮಾನ್ಯ ಡೈವ್ ಟಾರ್ಚ್ ನಡುವೆ ಒಂದು ಬಿಳಿ ಚುಕ್ಕೆ ಬೀಳಿಸುವುದರಿಂದ ವಿಡಿಯೊಗೆ ಹೊಂದುವುದಿಲ್ಲ. 100 ಡಿಗ್ರಿಗೂ ಹೆಚ್ಚು ಅಗಲಕ್ಕೆ ಸಮವಾಗಿ ಹರಡುವ, 5000 ರಿಂದ 6000 ಕೆಲ್ವಿನ್ ಬಣ್ಣದ, ಎಂದರೆ ಹಗಲಿನಂಥ ಬಿಳಿ ಬೆಳಕು ಬೇಕು. ಪೆಟ್ಟಿಗೆಯ ಮೇಲಿನ, ಬೆಳಕಿನ ಪ್ರಮಾಣ ಹೇಳುವ ಲೂಮೆನ್ ಅಂಕಿಯನ್ನು ಹಾಗೆಯೇ ನಂಬಬೇಡಿ, ಆ ಬೆಳಕು ಎಷ್ಟು ನಿಮಿಷ ಅದೇ ಪ್ರಮಾಣದಲ್ಲಿ ಉಳಿಯುತ್ತದೆ ಎಂದು ಕೇಳಿ. ಎಷ್ಟೇ ಪ್ರಖರವಾಗಿದ್ದರೂ ಹಗಲಿನಲ್ಲಿ ಲೈಟಿನ ಬಣ್ಣ ಎದ್ದು ಕಾಣುವುದು ಒಂದು, ಒಂದೂವರೆ ಮೀಟರ್ ಒಳಗೆ ಮಾತ್ರ.

ಲೈಟನ್ನು ಎಲ್ಲಿ ಇಡುತ್ತೀರಿ ಎಂಬುದು ಅದರ ಶಕ್ತಿಯಷ್ಟೇ ಮುಖ್ಯ. ಲೆನ್ಸಿನ ಪಕ್ಕದಲ್ಲೇ ಇಟ್ಟರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಬೆಳಗಿ ಹಿಮ ಬಿದ್ದಂತೆ ಕಾಣುತ್ತದೆ. ಎರಡು ಹಿಡಿಕೆಗಳಿರುವ ಟ್ರೇಯ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಬದಿಗೆ ಉದ್ದ ತೋಳುಗಳಲ್ಲಿ ಲೈಟ್‌ಗಳನ್ನು ಅಗಲಿಸಿ, ತುಸು ಹೊರಮುಖವಾಗಿ ತಿರುಗಿಸಿದರೆ ಕಣಗಳ ಹೊಳಪು ಕಡಿಮೆಯಾಗುತ್ತದೆ. ಹಣ ಸೀಮಿತವಾಗಿದ್ದರೆ ಸೆಲ್ಫಿ ಸ್ಟಿಕ್ ಬಿಟ್ಟು ಈ ಟ್ರೇ ಕೊಳ್ಳಿ. ಎರಡೂ ಕೈಗಳಿಂದ ಹಿಡಿದ ಕ್ಯಾಮೆರಾ ಸ್ಥಿರವಾಗಿರುವುದನ್ನು ಮೊದಲ ಡೈವ್‌ನಲ್ಲೇ ಕಾಣುವಿರಿ.

ಹಂತ 4: ಕ್ಯಾಮೆರಾ

ಮೇಲಿನ ಮೂರು ಹಂತಗಳನ್ನು ದಾಟಿ ಬಂದವರಿಗೆ ಕ್ಯಾಮೆರಾದ ಆಯ್ಕೆ ಸಾಕಷ್ಟು ಕಿರಿದಾಗಿರುತ್ತದೆ. ಅಗಲ ದೃಶ್ಯಗಳಿಗೆ, ವರ್ಷಕ್ಕೆ ಕೆಲವೇ ಡೈವ್ ಮಾಡುವವರಿಗೆ ಆ್ಯಕ್ಷನ್ ಕ್ಯಾಮೆರಾ ಸಾಕು. ಸಾಧ್ಯವಾದಷ್ಟು ದೊಡ್ಡ ಸೆನ್ಸರ್ ಇರುವುದನ್ನು ಆರಿಸಿ; ಗೋಪ್ರೋದ 1/1.9 ಇಂಚಿನ ಸೆನ್ಸರಿಗಿಂತ ಆಸ್ಮೋ ಆ್ಯಕ್ಷನ್ 5 ಪ್ರೋದ 1/1.3 ಇಂಚಿನದು ಮಂದ ಬೆಳಕಿನಲ್ಲಿ ಹೆಚ್ಚು ಅನುಕೂಲ. ಇವುಗಳ ಸ್ಥಿರ ಫೋಕಸ್ ಕಾರಣದಿಂದ ಒಂದು ಅಡಿಗಿಂತ ಹತ್ತಿರದ ವಸ್ತು ಮಸುಕಾಗುತ್ತದೆ, ಮ್ಯಾಕ್ರೋ ಬೇಕಾದರೆ ಹೆಚ್ಚುವರಿ ಲೆನ್ಸ್ ಕಡ್ಡಾಯ.

ಸಣ್ಣ ಜೀವಿಗಳ ಮೇಲೆ ಪ್ರೀತಿ ಇರುವವರಿಗೆ ಟಿಜಿ-7 ನನ್ನ ಮೆಚ್ಚಿನ ಆಯ್ಕೆ. ಅದರ ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಲೆನ್ಸಿನಿಂದ 1 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ಅದರ ವಿಡಿಯೊ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರಗಳಿಗೆ ನಿಲ್ಲುತ್ತದೆ, ಸೆನ್ಸರ್ ಚಿಕ್ಕದು. ಹಾಗಿದ್ದರೂ ಅಕ್ಕಿಕಾಳಿನಷ್ಟು ಸೀಗಡಿಯನ್ನು ಇಷ್ಟು ಸಲೀಸಾಗಿ ತೆಗೆಯುವ ಕ್ಯಾಮೆರಾ ಈ ಗಾತ್ರದಲ್ಲಿ ಅಪರೂಪ. ಇನ್ನೂ ಉತ್ತಮ ಗುಣಮಟ್ಟ ಬೇಕಾದವರಿಗೆ 1 ಇಂಚಿನ ಸೆನ್ಸರಿನ ಸೋನಿ ಆರ್‌ಎಕ್ಸ್100 ಸರಣಿ ಮತ್ತು ಅದಕ್ಕೆ ಬೇರೆ ಬೇರೆ ತಯಾರಕರ ಹೌಸಿಂಗ್‌ಗಳಿವೆ.

ಮಿರರ್‌ಲೆಸ್ ಕ್ಯಾಮೆರಾಗಳನ್ನು, ಚಿಕ್ಕ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್ ಆಗಲಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಆಗಲಿ, ಡೈವಿಂಗ್ ಚೆನ್ನಾಗಿ ರೂಢಿಯಾದ ಮೇಲೆ ಮಾತ್ರ ಯೋಚಿಸಿ. ಹೌಸಿಂಗ್, ಪೋರ್ಟ್, ತೋಳು, ಲೈಟ್ ಸೇರಿ ಅವು ದೊಡ್ಡ ಹೊರೆಯಾಗುತ್ತವೆ. ನೀರಿನಲ್ಲಿ ಆ ಹೊರೆ ತೇಲಲೂಬಾರದು, ಮುಳುಗಲೂಬಾರದು; ತೋಳುಗಳಿಗೆ ತೇಲು ತುಂಡುಗಳನ್ನು ಸೇರಿಸಿ ಸಮಮಾಡಬೇಕು. ಇಷ್ಟೆಲ್ಲ ಇದ್ದರೂ, ಕ್ಯಾಮೆರಾದ ಲೆನ್ಸನ್ನು ನೀರಿನಲ್ಲಿ ಬದಲಿಸಲಾಗದ್ದರಿಂದ, ಒಂದು ಡೈವ್‌ನಲ್ಲಿ ಒಂದೇ ಬಗೆಯ ದೃಶ್ಯಕ್ಕೆ ನೀವು ಕಟ್ಟುಬೀಳುತ್ತೀರಿ.

ಸೆಟ್ಟಿಂಗ್ ವಿಷಯದಲ್ಲಿ, 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರ ಹೆಚ್ಚಿನ ಕೆಲಸಕ್ಕೆ ಸಾಲುತ್ತದೆ. ನಿಧಾನಗತಿ ಬೇಕಾದಾಗ 60. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ 45 ಜಿಬಿ ತುಂಬುವುದರಿಂದ ಕಾರ್ಡ್ 128 ಜಿಬಿಗಿಂತ ಕಡಿಮೆ ಬೇಡ, ಮೇಲೆ ಬರೆಯುವ ವೇಗವನ್ನು ಸೂಚಿಸುವ ವಿ30 ಎಂಬ ಗುರುತಿರಲಿ. ಶಬ್ದದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಸಿಗುವುದು ನಿಮ್ಮದೇ ಉಸಿರಿನ ಗುಳ್ಳೆಗಳ ಸದ್ದು.

ಹಂತ 5: ಮೊದಲ ಡೈವ್‌ಗೆ ಮುನ್ನ

ಹೊಸ ಹೌಸಿಂಗನ್ನು ಮೊದಲು ಖಾಲಿಯಾಗಿ ಪರೀಕ್ಷಿಸಿ. ಒಳಗೆ ಒಂದು ಟಿಶ್ಯೂ ಕಾಗದ ಇಟ್ಟು ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಭಾರ ಹೇರಿ ಅರ್ಧ ಗಂಟೆ ಮುಳುಗಿಸಿಡಿ, ಮುಳುಗಿರುವಾಗಲೇ ಎಲ್ಲ ಬಟನ್‌ಗಳನ್ನು ಒತ್ತಿ. ಕಾಗದ ಒಣಗಿದ್ದರೆ ಸಮುದ್ರದ ಒಂದು ಡೈವ್‌ಗೂ ಖಾಲಿ ಹೌಸಿಂಗನ್ನೇ ಒಯ್ಯಿರಿ. ಸೋರಿಕೆ ಆಳದಲ್ಲೇ ಆಗುತ್ತದೆ ಎಂಬುದು ತಪ್ಪು ಕಲ್ಪನೆ. ಆಳದ ಒತ್ತಡ ಮುಚ್ಚಳವನ್ನು, ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗ್‌ನ ಮೇಲೆ ಇನ್ನಷ್ಟು ಬಿಗಿಯಾಗಿ ಒತ್ತುವುದರಿಂದ, ಸರಿಯಾಗಿ ಕೂರದ ಓ-ರಿಂಗ್ ಹೆಚ್ಚಾಗಿ ಮೊದಲ ಕೆಲವು ಮೀಟರ್‌ಗಳಲ್ಲೇ ನೀರು ಬಿಡುತ್ತದೆ.

ಓ-ರಿಂಗ್ ತೆಗೆಯಲು ಪಿನ್ನು, ಚಾಕು ಬಳಸಬಾರದು. ಬೆರಳಿನಿಂದ ಎರಡು ಕಡೆ ಒತ್ತಿ ಉಬ್ಬಿಸಿ ಎತ್ತಿ, ಇಲ್ಲವೇ ಪ್ಲಾಸ್ಟಿಕ್ ಕಡ್ಡಿ ಬಳಸಿ. ಕೂದಲು, ಮರಳು, ನೂಲಿನ ಎಳೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಅದು ಕೂರುವ ತೋಡನ್ನೂ ಒರೆಸಿ. ತಯಾರಕರು ಕೊಟ್ಟ ಗ್ರೀಸನ್ನೇ, ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ತೆಳುವಾಗಿ ಹಚ್ಚಿ. ಗ್ರೀಸ್ ಹೆಚ್ಚಾದರೆ ಕಸ ಹಿಡಿಯುತ್ತದೆ, ಸೀಲ್‌ಗೆ ಬಲವೇನೂ ಬರುವುದಿಲ್ಲ. ಬೇರೆ ಕಂಪನಿಯ ಗ್ರೀಸ್ ಹಚ್ಚಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ಕೆಲವು ಆ್ಯಕ್ಷನ್ ಕ್ಯಾಮೆರಾ ಕೇಸ್‌ಗಳ ಚಪ್ಪಟೆ ಸೀಲ್‌ಗೆ ಗ್ರೀಸ್ ಬೇಕಾಗಿಯೇ ಇಲ್ಲ. ಕೈಪಿಡಿ ಏನು ಹೇಳುತ್ತದೆಯೋ ಹಾಗೆ ಮಾಡಿ.

ನಮ್ಮ ಕರಾವಳಿಯ ಆರ್ದ್ರತೆಯಲ್ಲಿ ದೊಡ್ಡ ತೊಂದರೆ ಕೊಡುವುದು ಒಳಗಿನ ಮಂಜು. ದೋಣಿಯ ಮೇಲೆ ಮುಚ್ಚಿದ ಹೌಸಿಂಗ್‌ನಲ್ಲಿ ತೇವದ ಗಾಳಿ ಸಿಕ್ಕಿಕೊಂಡು, ಕ್ಯಾಮೆರಾ ಬಿಸಿಯಾಗಿ, ಹೊರಗಿನ ನೀರು ಗಾಜನ್ನು ತಂಪು ಮಾಡಿದ ಕೂಡಲೇ ಅದು ಗಾಜಿನ ಮೇಲೆ ಹನಿಗಟ್ಟುತ್ತದೆ. ಮುರ್ಡೇಶ್ವರದ ಕೋಣೆಯಲ್ಲಿ ಹವಾನಿಯಂತ್ರಣ ಇದ್ದರೆ ಅಲ್ಲಿಯೇ, ಒಣ ಗಾಳಿಯಲ್ಲಿ, ತೇವ ಹೀರುವ ಪಟ್ಟಿಯೊಂದನ್ನು ಒಳಗಿಟ್ಟು ಮುಚ್ಚಿ, ಎರಡು ಡೈವ್ ಮುಗಿಯುವ ತನಕ ತೆರೆಯಬೇಡಿ. ಅದಕ್ಕಾಗಿಯೇ ಪೂರ್ತಿ ಚಾರ್ಜ್ ಆದ ಬ್ಯಾಟರಿ ಮತ್ತು ಖಾಲಿ ಕಾರ್ಡ್ ಹಾಕಿ ಹೊರಡಬೇಕು. ದೋಣಿಯಲ್ಲಿ ಕ್ಯಾಮೆರಾವನ್ನು ಬಿಸಿಲಿಗೆ ಬಿಡದೆ ಒದ್ದೆ ಟವೆಲ್ಲಿನ ಕೆಳಗಿಡಿ.

ಅಂಡಮಾನಿಗೆ ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು. 100 ವಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಹೌಸಿಂಗ್‌ನ ಮುಖ್ಯ ಓ-ರಿಂಗ್ ತೆಗೆದು ಪ್ರಯಾಣಿಸಿದರೆ ವಿಮಾನದೊಳಗಿನ ಒತ್ತಡದ ಏರಿಳಿತದಿಂದ ಮುಚ್ಚಳ ಬಿಗಿದುಕೊಳ್ಳುವುದಿಲ್ಲ.

ಹಂತ 6: ನೀರಿನಲ್ಲಿ

ಕ್ಯಾಮೆರಾ ಹಿಡಿದು ದೋಣಿಯಿಂದ ಜಿಗಿಯಬೇಡಿ. ನೀರಿಗಿಳಿದ ಮೇಲೆ ದೋಣಿಯವರಿಂದ ಕೈಗೆ ಪಡೆಯಿರಿ. ಅದು ಸುರುಳಿ ಹಗ್ಗದಿಂದ ನಿಮ್ಮ ಬಿಸಿಡಿ (ತೇಲುವಿಕೆಯನ್ನು ನಿಯಂತ್ರಿಸುವ) ಜಾಕೆಟ್ಟಿಗೆ ಕಟ್ಟಿರಲಿ, ಮಣಿಕಟ್ಟಿಗೆ ಮಾತ್ರ ಕಟ್ಟುವುದು ಬೇಡ, ಏಕೆಂದರೆ ತುರ್ತಿನಲ್ಲಿ ಎರಡೂ ಕೈ ಬೇಕು. 2 ಮೀಟರ್ ಆಳದಲ್ಲಿ ನಿಂತು ಒಳಗೆ ಗುಳ್ಳೆಯಾಗಲಿ ಹನಿಯಾಗಲಿ ಕಾಣುತ್ತದೆಯೇ ನೋಡಿ. ಆಳದಲ್ಲಿದ್ದಾಗ ನೀರು ಕಂಡರೆ ಪೋರ್ಟನ್ನು ಕೆಳಮುಖವಾಗಿ ಹಿಡಿದು, ಜೊತೆಗಾರನಿಗೆ ಸನ್ನೆ ಮಾಡಿ, ಎಂದಿನ ನಿಧಾನ ವೇಗದಲ್ಲೇ ಮೇಲಕ್ಕೆ ಬನ್ನಿ. ಮೇಲೆ ಬರುವಾಗ 5 ಮೀಟರ್ ಆಳದಲ್ಲಿ ಕೆಲವು ನಿಮಿಷ ನಿಲ್ಲುವ ಸುರಕ್ಷತಾ ನಿಲುಗಡೆಯನ್ನು ಯಾವ ಕ್ಯಾಮೆರಾಕ್ಕಾಗಿಯೂ ಬಿಡಬಾರದು.

ಪ್ರತಿ ದೃಶ್ಯವನ್ನೂ ಕನಿಷ್ಠ 10 ಸೆಕೆಂಡು ಅಲುಗಾಡದೆ ಹಿಡಿಯಿರಿ. ಮೀನನ್ನು ಬೆನ್ನಟ್ಟಿದರೆ ಬಾಲ ಮಾತ್ರ ಸಿಗುತ್ತದೆ. ಒಂದೆಡೆ ನಿಂತು ನಿಧಾನವಾಗಿ ಉಸಿರಾಡಿದರೆ ಹಲವು ಮೀನುಗಳು ತಾವೇ ಹತ್ತಿರ ಬರುತ್ತವೆ. ಕ್ಯಾಮೆರಾವನ್ನು ವಸ್ತುವಿನ ಮಟ್ಟದಲ್ಲಿ ಅಥವಾ ತುಸು ಮೇಲ್ಮುಖವಾಗಿ ಇಡಿ, ಹಿನ್ನೆಲೆಗೆ ನೀಲಿ ಸಿಗುತ್ತದೆ. ಪ್ರತಿ ದೃಶ್ಯದ ನಂತರ ಗಾಳಿಯ ಗೇಜು, ಆಳ, ಜೊತೆಗಾರ ಈ ಮೂರನ್ನೂ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸಣ್ಣ ಪರದೆಯಲ್ಲಿ ಮನಸ್ಸು ನೆಟ್ಟವರಿಗೆ ಸಮಯ ಹೋದದ್ದೇ ತಿಳಿಯುವುದಿಲ್ಲ.

ಸ್ಥಿರತೆಗಾಗಿ ಹವಳ ಹಿಡಿದುಕೊಳ್ಳುವುದು, ದೃಶ್ಯಕ್ಕಾಗಿ ಜೀವಿಯನ್ನು ಕಡ್ಡಿಯಿಂದ ಸರಿಸುವುದು ಎರಡನ್ನೂ ಯಾರೂ ಮಾಡಬಾರದು. ಹವಳ, ಕಡಲಕುದುರೆ, ತಿಮಿಂಗಿಲ ಶಾರ್ಕ್ ಇವೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬೆರಳಗಲದ ಹವಳದ ಕವಲು ಬೆಳೆಯಲು ವರ್ಷಗಳು ಬೇಕು, ಮುರಿಯಲು ಒಂದು ಫಿನ್ ಹೊಡೆತ ಸಾಕು. ಒಂದೇ ಜೀವಿಯ ಕಣ್ಣಿಗೆ ಬಹಳ ಹೊತ್ತು ಲೈಟ್ ಹಿಡಿಯದಿರುವುದೂ ಅಷ್ಟೇ ಅಗತ್ಯ.

ಹಂತ 7: ಡೈವ್ ಮುಗಿದ ನಂತರ

ಉಪ್ಪುನೀರು ಒಣಗುವ ಮೊದಲೇ ಹೌಸಿಂಗನ್ನು ಸಿಹಿನೀರಿನಲ್ಲಿ ಅದ್ದಿ, ಬಟನ್‌ಗಳನ್ನು ಒತ್ತುತ್ತಾ ತೊಳೆಯಿರಿ. ಒಣಗಿದ ಉಪ್ಪಿನ ಹರಳು ಬಟನ್‌ನ ಸಣ್ಣ ಸೀಲ್‌ಗಳನ್ನು ಗೀರುತ್ತದೆ. ಎಲ್ಲರ ಸಲಕರಣೆ ತುಂಬಿದ ತೊಟ್ಟಿಯಲ್ಲಿ ಹಾಕಿ ಹೋಗಬೇಡಿ, ಇನ್ನೊಂದು ಭಾರದ ವಸ್ತು ಬಿದ್ದು ಕೊಂಡಿ ಸಡಿಲವಾಗುವ ಸಾಧ್ಯತೆ ಇದೆ. ಹೌಸಿಂಗ್ ಮತ್ತು ನಿಮ್ಮ ತಲೆಗೂದಲು ಎರಡೂ ಒಣಗಿದ ಮೇಲೆ, ಮುಚ್ಚಳ ಕೆಳಮುಖವಾಗಿರುವಂತೆ ಹಿಡಿದು ತೆರೆಯಿರಿ. ಒಳಗೆ ನೀರು ಹೋಗಿದ್ದರೆ ಕೂಡಲೇ ಬ್ಯಾಟರಿ ಮತ್ತು ಕಾರ್ಡ್ ತೆಗೆಯಿರಿ. ಉಪ್ಪುನೀರು ತಾಗಿದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯಕಾರಿ.

ಮಳೆಗಾಲದಲ್ಲಿ ನೇತ್ರಾಣಿಯಲ್ಲಿ ಡೈವಿಂಗ್ ಇರುವುದಿಲ್ಲ. ಲೆನ್ಸಿಗೆ ಬೂಷ್ಟು ಹಿಡಿಯುವುದು ಈ ತಿಂಗಳುಗಳಲ್ಲೇ. ಕ್ಯಾಮೆರಾ ಮತ್ತು ಲೆನ್ಸನ್ನು ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬದಲ್ಲಿ, ಆರ್ದ್ರತೆ 40 ರಿಂದ 50 ಶೇಕಡ ಇರುವಂತೆ, ಅಗ್ಗದ ಮಾಪಕವೊಂದನ್ನು ಜೊತೆಗಿಟ್ಟು ಕಾಪಾಡಿ. ಬ್ಯಾಟರಿಗಳನ್ನು ಅರ್ಧ ಚಾರ್ಜಿನಲ್ಲಿ ಹೊರತೆಗೆದಿಡಿ. ಓ-ರಿಂಗ್‌ಗಳನ್ನು ಹೌಸಿಂಗ್‌ನಿಂದ ಬಿಡಿಸಿ, ಮಡಿಸದೆ ಸಣ್ಣ ಚೀಲದಲ್ಲಿ ಹಾಕಿ, ಹೌಸಿಂಗನ್ನು ಕೊಂಡಿ ಬಿಗಿಯದೆ ಇಡಿ. ಡೈವಿಂಗ್ ಮತ್ತೆ ಶುರುವಾಗುವ ಒಂದು ತಿಂಗಳ ಮೊದಲೇ ಹೊಸ ಓ-ರಿಂಗ್‌ಗಳಿಗೆ ಆರ್ಡರ್ ಕೊಡಿ, ಅವು ಹೆಚ್ಚಾಗಿ ವಿದೇಶದಿಂದಲೇ ಬರಬೇಕಾಗುತ್ತದೆ. ಬಂದ ಮೇಲೆ ಬಕೆಟ್ಟು ಮತ್ತು ಟಿಶ್ಯೂ ಕಾಗದದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.